ಬರೀ ಬಯಲಲ್ಲ, ಅದೊಬ್ಬ ಮುದುಕನ ಊರು: ಟೆಕ್ಸಾಸಿನ ಕನ್ನಡಿಗರಿಗೆ ಬಹಿರಂಗ ಪತ್ರ

ಟೆಕ್ಸಾಸಿನಲ್ಲಿ ನೆಲೆಸಿರುವ ಕನ್ನಡ ಬಂಧುಗಳಿಗೆ ಮತ್ತು ಇಲ್ಲಿನ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ ವಂದನೆಗಳು.

ಬೇಸಿಗೆ ರಜೆ ಬಂತೆಂದರೆ ಡಾಲಸ್ ಸುತ್ತಮುತ್ತಲಿನ ನಮ್ಮ ಎಷ್ಟೋ ಕುಟುಂಬಗಳು ಕೊಲರಾಡೋದ ಬೆಟ್ಟಗಳ ಕಡೆಗೆ ಕಾರು ತಿರುಗಿಸುತ್ತವೆ. 287ನೇ ಹೆದ್ದಾರಿ ಹಿಡಿದು ವಿಚಿಟಾ ಫಾಲ್ಸ್ ದಾಟಿದ ಮೇಲೆ ಅಮರಿಲೋ ಸಿಗುವ ತನಕದ ದಾರಿಯ ಬಗ್ಗೆ ಹೋಗಿಬಂದವರು ಹೊಸಬರಿಗೆ ಕೊಡುವ ಸಲಹೆ ಒಂದೇ: ರಾತ್ರಿಯಲ್ಲೇ ದಾಟಿಬಿಡಿ, ಅಲ್ಲೇನೂ ಇಲ್ಲ, ಬರೀ ಬಯಲು. ಈ ಮಾತನ್ನು ನಾವು ಬಹಳ ಸಲೀಸಾಗಿ ಆಡುತ್ತೇವೆ, ಮಕ್ಕಳ ಎದುರಿಗೂ ಆಡುತ್ತೇವೆ. ಅದು ಸರಿಯಲ್ಲ ಎಂದು ಹೇಳಲು, ಮತ್ತು ಆ ಬಯಲಿನಲ್ಲೇ ಹೊಲ ಉತ್ತು, ದನ ಸಾಕಿ, 93 ವರ್ಷ ಬದುಕಿ ಸತ್ತ ಒಬ್ಬ ಮನುಷ್ಯನ ಕಥೆಯನ್ನು ನಮ್ಮ ಮಕ್ಕಳಿಗೆ ಪೂರ್ತಿಯಾಗಿ, ಎರಡೂ ಮಗ್ಗುಲು ಬಿಡದಂತೆ ಹೇಳಬೇಕೆಂದು ಕೇಳಿಕೊಳ್ಳಲು ಈ ಪತ್ರ.

ಕ್ಲಾರೆಂಡನ್ ಮತ್ತು ಕ್ಲಾಡ್ ಎಂಬ ಎರಡು ಸಣ್ಣ ಊರುಗಳ ನಡುವೆ, ಅಮರಿಲೋಗೆ ಸುಮಾರು 40 ಮೈಲಿ ಮೊದಲು, ಗುಡ್‌ನೈಟ್ ಎಂಬ ಊರಿನ ಫಲಕ ಕಾಣುತ್ತದೆ. ಹೆಸರು ನೋಡಿ ಮಕ್ಕಳು ನಗುತ್ತಾರೆ, ದೊಡ್ಡವರಿಗೆ ಸೊಳ್ಳೆ ಓಡಿಸುವ ಔಷಧಿಯ ನೆನಪಾಗುತ್ತದೆ. ಊರಿಗೆ ಆ ಹೆಸರು ಬಂದದ್ದು ಚಾರ್ಲ್ಸ್ ಗುಡ್‌ನೈಟ್ ಎಂಬವನಿಂದ. ಟೆಕ್ಸಾಸಿನ ಶಾಲೆಗಳಲ್ಲಿ ನಾಲ್ಕನೆಯ ಮತ್ತು ಏಳನೆಯ ತರಗತಿಯ ಮಕ್ಕಳಿಗೆ ಈ ರಾಜ್ಯದ ಇತಿಹಾಸ ಪಾಠವಿದೆ; ದನಗಾಹಿಗಳ ಅಧ್ಯಾಯದಲ್ಲಿ ಇವನ ಹೆಸರು ಅವರ ಕಿವಿಗೆ ಬಿದ್ದೇ ಇರುತ್ತದೆ. ಆದರೆ ಪಾಠದ ಗುಡ್‌ನೈಟ್ ಎಂದರೆ ಕುದುರೆ ಏರಿದ ಯುವಕ. ನಾನು ಹೇಳಬೇಕೆಂದಿರುವುದು ಹೆಚ್ಚಾಗಿ ಮುದುಕನಾದ ಗುಡ್‌ನೈಟ್‌ನ ವಿಷಯ. ಆದರೂ ಯುವಕನ ಲೆಕ್ಕ ಬಿಟ್ಟರೆ ಮುದುಕನ ಲೆಕ್ಕ ತಾಳೆಯಾಗುವುದಿಲ್ಲ.

ಅವನು ಹುಟ್ಟಿದ್ದು 1836ರ ಮಾರ್ಚ್ 5ರಂದು, ಇಲಿನಾಯ್ ರಾಜ್ಯದ ಮಕೂಪಿನ್ ಕೌಂಟಿಯಲ್ಲಿ. ಅದಕ್ಕೆ ಮೂರು ದಿನ ಮುಂಚೆ ಟೆಕ್ಸಾಸ್ ತಾನು ಮೆಕ್ಸಿಕೋದಿಂದ ಸ್ವತಂತ್ರವೆಂದು ಘೋಷಿಸಿಕೊಂಡಿತ್ತು. ಅವನು ಹುಟ್ಟಿದ ಮರುದಿನ, ಟೆಕ್ಸಾಸಿನ ಹೋರಾಟಗಾರರು ಕಾಯುತ್ತಿದ್ದ ಅಲಾಮೋ ಕೋಟೆ ಮೆಕ್ಸಿಕೋ ಸೈನ್ಯದ ಕೈಗೆ ಬಿತ್ತು. ಐದು ವರ್ಷದವನಿದ್ದಾಗ ತಂದೆ ತೀರಿಕೊಂಡ, ತಾಯಿ ಮರುಮದುವೆಯಾದಳು, ಕುಟುಂಬ 1845ರ ಕೊನೆಗೆ ಟೆಕ್ಸಾಸಿನ ಮೈಲಮ್ ಕೌಂಟಿಗೆ ಗುಳೆ ಬಂತು. ಒಂಬತ್ತು ವರ್ಷದ ಹುಡುಗ ಆ ದೂರವನ್ನೆಲ್ಲ ಜೀನಿಲ್ಲದ ಕುದುರೆಯ ಬೆನ್ನ ಮೇಲೆ ಕೂತು ಬಂದ. ಶಾಲೆಯ ಮುಖ ಕಂಡದ್ದು ಆರು ತಿಂಗಳು. ಹನ್ನೊಂದನೇ ವಯಸ್ಸಿಗೆ ಕಂಡವರ ಹೊಲಗಳಲ್ಲಿ ಕೂಲಿಗೆ ಸೇರಿದ. ಇಪ್ಪತ್ತನೇ ವಯಸ್ಸಿಗೆ, ಮಲಸಹೋದರನೊಬ್ಬನ ಜೊತೆ ಸೇರಿ, ಬೇರೆಯವರ ಸುಮಾರು 400 ದನಗಳನ್ನು ಪಾಲಿಗೆ ಮೇಯಿಸಲು ಒಪ್ಪಿಕೊಂಡ. ಹುಟ್ಟುವ ನಾಲ್ಕು ಕರುಗಳಲ್ಲಿ ಒಂದು ಇವರದು. ನಮ್ಮ ಹಳ್ಳಿಗಳಲ್ಲಿ ಪಾಲಿಗೆ ಕುರಿ ಸಾಕಿದವರಿಗೆ ಈ ಲೆಕ್ಕ ವಿವರಿಸಿ ಹೇಳಬೇಕಾಗಿಲ್ಲ.

1836ರಲ್ಲೇ, ಇವನು ಹುಟ್ಟಿದ ಎರಡೇ ತಿಂಗಳಿಗೆ, ಟೆಕ್ಸಾಸಿನ ಫೋರ್ಟ್ ಪಾರ್ಕರ್ ಎಂಬ ವಸತಿಯ ಮೇಲೆ ದಾಳಿ ನಡೆದು ಸಿಂಥಿಯಾ ಆನ್ ಪಾರ್ಕರ್ ಎಂಬ ಪುಟ್ಟ ಹುಡುಗಿ ಕೊಮಾಂಚಿ ಎಂಬ ಮೂಲನಿವಾಸಿ ಜನರ ಕೈಸೇರಿದಳು. ಅವಳು ಅವರಲ್ಲೇ ಬೆಳೆದು, ಅವರ ಮಾತೇ ತನ್ನ ಮಾತಾಗಿ, ಅವರ ನಾಯಕನೊಬ್ಬನನ್ನು ಮದುವೆಯಾಗಿ ಮೂರು ಮಕ್ಕಳ ತಾಯಿಯಾದಳು. 1860ರ ಡಿಸೆಂಬರಿನಲ್ಲಿ ಪೀಸ್ ನದಿಯ ದಂಡೆಯಲ್ಲಿ ಗಡಿಕಾವಲಿನ ಟೆಕ್ಸಾಸ್ ರೇಂಜರುಗಳ ಪಡೆಯೊಂದು ಕೊಮಾಂಚಿ ಬಿಡಾರದ ಮೇಲೆ ಎರಗಿ ಅವಳನ್ನು ಹಿಡಿದು ತಂದಿತು. ಆ ಪಡೆಗೆ ಜಾಡು ಹಿಡಿದು ದಾರಿ ತೋರಿದವರಲ್ಲಿ 24 ವರ್ಷದ ಗುಡ್‌ನೈಟ್ ಒಬ್ಬ. ಬಿಳಿಯರು ಅದನ್ನು ಬಿಡುಗಡೆ ಎಂದು ಕರೆದರು. ಅವಳಿಗೆ ಅದು ಎರಡನೆಯ ಅಪಹರಣ. ಮತ್ತೆ ಮತ್ತೆ ಓಡಿಹೋಗಲು ಹವಣಿಸಿದಳು, ಬಿಟ್ಟುಬಂದ ಗಂಡುಮಕ್ಕಳನ್ನು ಸಾಯುವ ತನಕ ಮತ್ತೆ ಕಾಣಲಿಲ್ಲ. ಆ ಮಕ್ಕಳಲ್ಲಿ ಒಬ್ಬನ ಹೆಸರು ಕ್ವಾನಾ. ಈ ಹೆಸರು ಮುಂದೆ ಬರುತ್ತದೆ, ನೆನಪಿರಲಿ.

ಅಮೆರಿಕದ ಅಂತರ್ಯುದ್ಧ ಮುಗಿದಾಗ ಟೆಕ್ಸಾಸಿನಲ್ಲಿ ದನಗಳು ಲೆಕ್ಕ ಮೀರಿ ಬೆಳೆದಿದ್ದವು, ಕೊಳ್ಳುವವರಿರಲಿಲ್ಲ. 1866ರಲ್ಲಿ ಗುಡ್‌ನೈಟ್ ತನಗಿಂತ ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿರಿಯನಾದ ಆಲಿವರ್ ಲವಿಂಗ್ ಎಂಬ ಅನುಭವಿಯ ಜೊತೆ ಸೇರಿ, 18 ಆಳುಗಳು ಮತ್ತು ಸುಮಾರು 2,000 ದನಗಳೊಂದಿಗೆ, ದನದ ಮಂದೆಗಳು ಹೆಚ್ಚಾಗಿ ಹಿಡಿಯದಿದ್ದ ದಾರಿಯಲ್ಲಿ ನ್ಯೂ ಮೆಕ್ಸಿಕೋದ ಸೈನ್ಯದ ಠಾಣೆಯಾದ ಫೋರ್ಟ್ ಸಮ್ನರ್‌ಗೆ ಹೊರಟ. ಪಶ್ಚಿಮ ಟೆಕ್ಸಾಸಿನಲ್ಲಿ ಮೂರು ದಿನ ಮೂರು ರಾತ್ರಿ ಹನಿ ನೀರಿಲ್ಲದೆ ನಡೆದ ದನಗಳು ಪೇಕಸ್ ನದಿಯ ವಾಸನೆ ಹತ್ತಿದ ಕೂಡಲೇ ಹುಚ್ಚೆದ್ದು ಓಡಿದವು. ದಾರಿಯಲ್ಲೂ ನದಿಯಲ್ಲೂ ನೂರಾರು ಸತ್ತವು. ದಾರಿಯಲ್ಲಿ ಹುಟ್ಟಿದ ಕರುಗಳು ಮಂದೆಯ ಜೊತೆ ನಡೆಯಲಾರವೆಂದು ಬೆಳಗಾದರೆ ಅವುಗಳನ್ನು ಗುಂಡಿಟ್ಟು ಕೊಲ್ಲಬೇಕಿತ್ತು. ಪಾತ್ರೆಪಡಗ, ಹಿಟ್ಟು, ಕಾಫಿ, ಔಷಧಿ ಎಲ್ಲವನ್ನೂ ಖಾನೆಗಳಲ್ಲಿ ಜೋಡಿಸಿದ ಅಡುಗೆ ಗಾಡಿಯೊಂದನ್ನು, ಸೈನ್ಯದ ಹಳೆಯ ಗಾಡಿಯಿಂದ, ಅವನು ಮಾಡಿಸಿದ್ದು ಈ ಪ್ರಯಾಣಕ್ಕಾಗಿಯೇ. ಇವತ್ತು ಇಲ್ಲಿನ ಬಾರ್ಬೆಕ್ಯೂ ಹೋಟೆಲುಗಳ ಬಾಗಿಲಲ್ಲಿ ಶೋಭೆಗೆ ನಿಲ್ಲಿಸುವ ಚಕ್‌ವ್ಯಾಗನ್ ಅದೇ.

ಆ ಮಾಂಸಕ್ಕೆ ಸರ್ಕಾರ ಪೌಂಡಿಗೆ 8 ಸೆಂಟ್ ಕೊಟ್ಟಿತು, ಪಾಲುದಾರರ ಕೈಗೆ 12,000 ಡಾಲರ್ ಮೌಲ್ಯದ ಚಿನ್ನ ಬಂತು. ಪಾಠಪುಸ್ತಕದ ಕಥೆ ಸಾಮಾನ್ಯವಾಗಿ ಇಲ್ಲಿ ಚಪ್ಪಾಳೆ ತಟ್ಟಿ ಮುಂದೆ ಹೋಗುತ್ತದೆ. ಆ ಮಾಂಸವನ್ನು ತಿಂದವರು ಯಾರು ಎಂದು ಮಕ್ಕಳು ಕೇಳಿದರೆ ಹೇಳಬೇಕಾದ ಉತ್ತರ ಬೇರೆ ಇದೆ. ಫೋರ್ಟ್ ಸಮ್ನರ್ ಪಕ್ಕದ ಬೋಸ್ಕೆ ರೆಡೊಂಡೊದಲ್ಲಿ ಅಮೆರಿಕದ ಸೈನ್ಯ ಎಂಟು ಸಾವಿರಕ್ಕೂ ಹೆಚ್ಚು ನವಾಹೋ ಮೂಲನಿವಾಸಿ ಜನರನ್ನು ಅವರ ನೆಲದಿಂದ ನೂರಾರು ಮೈಲಿ ನಡೆಸಿಕೊಂಡು ಬಂದು ಕೂಡಿಹಾಕಿತ್ತು. ಅಲ್ಲಿ ಬೆಳೆ ಕೈಗೆ ಹತ್ತಲಿಲ್ಲ, ನೀರು ಸವುಳಾಗಿತ್ತು, ಜನ ಹಸಿದಿದ್ದರು. 1868ರ ಒಪ್ಪಂದದ ನಂತರವೇ ಅವರು ತಮ್ಮ ನೆಲಕ್ಕೆ ಮರಳಿದ್ದು. ಟೆಕ್ಸಾಸಿನ ದನದ ವ್ಯಾಪಾರಕ್ಕೆ ದಾರಿ ತೆರೆದ ಮೊದಲ ಮಾರುಕಟ್ಟೆಗಳಲ್ಲೊಂದು ಸೆರೆಮನೆಯಂಥ ಶಿಬಿರ. ಗುಡ್‌ನೈಟ್ ಅದನ್ನು ಕಟ್ಟಿದವನಲ್ಲ. ಆದರೆ ಅವನ ಮೊದಲ ಚಿನ್ನ ಬಂದದ್ದು ಅಲ್ಲಿಂದ.

ಮರುವರ್ಷದ ಪ್ರಯಾಣದಲ್ಲಿ ಲವಿಂಗ್ ಕೊಮಾಂಚಿಗಳ ಗುಂಡಿಗೆ ಗಾಯಗೊಂಡು, ಗಾಯ ಕೊಳೆತು, 1867ರ ಸೆಪ್ಟೆಂಬರಿನಲ್ಲಿ ಫೋರ್ಟ್ ಸಮ್ನರ್‌ನಲ್ಲಿ ಸತ್ತ. ತನ್ನನ್ನು ಪರದೇಶದ ಮಣ್ಣಿನಲ್ಲಿ ಬಿಡಬೇಡ ಎಂದು ಕೇಳಿಕೊಂಡಿದ್ದ. ಗುಡ್‌ನೈಟ್ ಮಂದೆಯನ್ನು ಕೊಲರಾಡೋಗೆ ಮುಟ್ಟಿಸಿ, ಹಿಂದಿರುಗಿ ಬಂದು, ಹೂತಿದ್ದ ಶವವನ್ನು ಹೊರತೆಗೆಸಿ, ಗಾಡಿಯಲ್ಲಿಟ್ಟುಕೊಂಡು ಟೆಕ್ಸಾಸಿನ ವೆದರ್‌ಫೋರ್ಡ್‌ಗೆ ತಂದ. ನಮ್ಮಲ್ಲಿ ಊರಿಗೆ ಹೆಣ ಮುಟ್ಟಿಸುವುದು ಎಂದರೆ ಏನೆಂದು ಬಲ್ಲವರಿಗೆ, ಈಚಿನ ವರ್ಷಗಳಲ್ಲಿ ಇಲ್ಲಿಂದ ಬೆಂಗಳೂರಿಗೆ ಹಾಗೆ ಮುಟ್ಟಿಸಿದವರಿಗೆ, ಈ ಘಟನೆ ಬರೀ ದನಗಾಹಿಗಳ ದಂತಕಥೆಯಾಗಿ ಕಾಣುವುದಿಲ್ಲ.

ಆ ದಾರಿಯಲ್ಲಿ ಅವನ ಜೊತೆಗಿದ್ದ ಇನ್ನೊಬ್ಬ ಬೋಸ್ ಐಕಾರ್ಡ್. ಗುಲಾಮನಾಗಿ ಹುಟ್ಟಿ, ಯುದ್ಧದ ನಂತರ ಸ್ವತಂತ್ರನಾದ ಕಪ್ಪು ಜನಾಂಗದ ದನಗಾಹಿ. ಸಾವಿರಾರು ಡಾಲರ್ ಹಣವನ್ನು ಜೋಪಾನಕ್ಕೆಂದು ಗುಡ್‌ನೈಟ್ ಕೊಡುತ್ತಿದ್ದದ್ದು ಐಕಾರ್ಡ್ ಕೈಗೆ. ಬದುಕಿರುವ ಬೇರೆ ಯಾವ ಮನುಷ್ಯನಿಗಿಂತ ಅವನನ್ನು ಹೆಚ್ಚು ನಂಬಿದ್ದೆ ಎಂಬ ಅರ್ಥದ ಮಾತನ್ನು ಮುಪ್ಪಿನಲ್ಲಿ ಹೇಳಿದ. ಐಕಾರ್ಡ್ 1929ರ ಜನವರಿಯಲ್ಲಿ ತೀರಿಕೊಂಡಾಗ, ತಾನೂ ಸಾವಿನ ಹೊಸ್ತಿಲಲ್ಲಿದ್ದ ಗುಡ್‌ನೈಟ್ ವೆದರ್‌ಫೋರ್ಡಿನಲ್ಲಿ ಅವನ ಗೋರಿಗೆ ಕಲ್ಲು ನಿಲ್ಲಿಸಿದ. ನಾಲ್ಕು ವರ್ಷ ನನ್ನೊಡನೆ ದುಡಿದ, ಒಂದು ಕೆಲಸಕ್ಕೂ ಹಿಂಜರಿಯಲಿಲ್ಲ, ಒಂದು ಆಜ್ಞೆಯನ್ನೂ ಮೀರಲಿಲ್ಲ ಎಂದು ಅದರಲ್ಲಿ ಕೆತ್ತಿಸಿದ. ಪ್ರೀತಿಯೇ ಹೌದು, ಆದರೆ ಯಜಮಾನನ ಪ್ರೀತಿ. ಆಜ್ಞೆ ಎಂಬ ಮಾತು ಆ ಕಲ್ಲಿನಿಂದ ಬಿಟ್ಟುಹೋಗಲಿಲ್ಲ.

1870ರಲ್ಲಿ ಮೇರಿ ಆನ್ ಡೈಯರ್ ಎಂಬ ಶಾಲಾ ಶಿಕ್ಷಕಿಯನ್ನು ಮದುವೆಯಾಗಿ ಕೊಲರಾಡೋದಲ್ಲಿ ನೆಲೆಯೂರಿದ. 1873ರ ಆರ್ಥಿಕ ಕುಸಿತ ಅವನ ಗಂಟನ್ನು ನುಂಗಿತು. ಮತ್ತೆ ಮೊದಲಿನಿಂದ ಶುರುಮಾಡಲು ಅವನು ಆರಿಸಿಕೊಂಡ ಜಾಗ ಪಾಲೊ ಡೂರೊ ಕಣಿವೆ. ವಾರಾಂತ್ಯಕ್ಕೆ ಹೋಗಿ ದೀಪಸ್ತಂಭದಂಥ ಕೆಂಪು ಬಂಡೆಯ ಮುಂದೆ ನಾವೆಲ್ಲ ಸೆಲ್ಫಿ ತೆಗೆದುಕೊಳ್ಳುವ ಕಣಿವೆ ಅದು: ಸುಮಾರು 120 ಮೈಲಿ ಉದ್ದ, ಎಂಟುನೂರು ಅಡಿಯಷ್ಟು ಆಳ, ಚಳಿಗಾಳಿಗೆ ಮರೆ, ತಳದಲ್ಲಿ ನೀರು ಮತ್ತು ಹುಲ್ಲು. ದನಕ್ಕೆ ಇದಕ್ಕಿಂತ ಒಳ್ಳೆಯ ಕೊಟ್ಟಿಗೆಯನ್ನು ಮನುಷ್ಯ ಕಟ್ಟಲಾರ. ಆದರೆ ಅದು ಖಾಲಿ ಇದ್ದದ್ದು ಹೇಗೆ? 1874ರ ಸೆಪ್ಟೆಂಬರ್ 28ರಂದು ಕರ್ನಲ್ ಮೆಕೆಂಜಿಯ ಸೈನಿಕರು ಮುಂಜಾನೆ ಆ ಕಣಿವೆಗಿಳಿದು ಕೊಮಾಂಚಿ, ಕಯೋವಾ, ಶಾಯೆನ್ ಬಿಡಾರಗಳಿಗೆ ಬೆಂಕಿಯಿಟ್ಟರು. ಸತ್ತ ಜನ ಕೆಲವೇ ಮಂದಿ. ಆದರೆ ಚಳಿಗಾಲಕ್ಕೆ ಕೂಡಿಟ್ಟ ಆಹಾರವೆಲ್ಲ ಸುಟ್ಟುಹೋಯಿತು, ಹಿಡಿದ ಕುದುರೆಗಳಲ್ಲಿ ಸಾವಿರಕ್ಕೂ ಹೆಚ್ಚನ್ನು ಗುಂಡಿಟ್ಟು ಕೊಂದರು. ಕುದುರೆಯಿಲ್ಲದ, ಊಟವಿಲ್ಲದ ಜನ ಒಬ್ಬೊಬ್ಬರಾಗಿ ಶರಣಾದರು. 1875ರ ಜೂನಿನಲ್ಲಿ ಕೊನೆಗೆ ಶರಣಾದ ಗುಂಪಿನ ಮುಂದಾಳು ಸಿಂಥಿಯಾಳ ಮಗ ಕ್ವಾನಾ ಪಾರ್ಕರ್.

ಮರುವರ್ಷ, 1876ರಲ್ಲಿ, ಗುಡ್‌ನೈಟ್ 1,600 ದನಗಳೊಂದಿಗೆ ಅದೇ ಕಣಿವೆಗೆ ಇಳಿದ. ಗಾಡಿಗಳನ್ನು ಬಿಚ್ಚಿ ಬಿಡಿಭಾಗಗಳನ್ನು ಹೇಸರಗತ್ತೆಗಳ ಮೇಲೆ ಹೇರಿ ಇಳಿಸಿದರು. ತಳದಲ್ಲಿ ಮೇಯುತ್ತಿದ್ದ, ಕಾಡುಕೋಣದಂಥ ಸಾವಿರಾರು ಬೈಸನ್‌ಗಳನ್ನು ಹುಲ್ಲಿಗೆ ಪೈಪೋಟಿಯಾಗದಂತೆ ಆಚೆ ಅಟ್ಟಿದರು. ಬೈಸನ್ ರಕ್ಷಕನೆಂದು ಇಂದು ಹೆಸರಾದ ಮನುಷ್ಯ ಅಲ್ಲಿಗೆ ಬಂದ ಕೂಡಲೇ ಮಾಡಿದ ಮೊದಲ ಕೆಲಸ ಇದು.

ಬಂಡವಾಳ ಹಾಕಿದವನು ಜಾನ್ ಅಡೇರ್ ಎಂಬ ಐರಿಷ್ ಜಮೀನುದಾರ. ಅವನ ಹೆಸರಿನ ಮೊದಲಕ್ಷರಗಳೇ ದನ ಸಾಕುವ ಅವರ ದೊಡ್ಡ ಜಮೀನಾದ ಜೆಎ ರಾಂಚ್‌ನ ಮುದ್ರೆಯಾದವು. ಈ ಅಡೇರ್ 1861ರಲ್ಲಿ ಐರ್ಲೆಂಡಿನ ಡೊನೆಗಾಲ್ ಕೌಂಟಿಯ ತನ್ನ ಜಮೀನಿನಿಂದ 47 ಗೇಣಿದಾರ ಕುಟುಂಬಗಳ 244 ಜನರನ್ನು ಮನೆ ಕೆಡವಿಸಿ ಹೊರಹಾಕಿದವನು. ಐರ್ಲೆಂಡಿನಲ್ಲಿ ಅವನ ಹೆಸರಿಗೆ ಇಂದಿಗೂ ಒಳ್ಳೆಯ ಮಾತಿಲ್ಲ. ಅಲ್ಲಿ ಗೇಣಿದಾರರನ್ನು ಎಬ್ಬಿಸಿದವನ ಹಣ, ಇಲ್ಲಿ ಮೂಲನಿವಾಸಿಗಳನ್ನು ಎಬ್ಬಿಸಿದ ನೆಲಕ್ಕೆ ಬಂದು ಸೇರಿತು. ಗೇಣಿ ಶಾಸನ, ಭೂಸುಧಾರಣೆ ಎಂದೆಲ್ಲ ಕೇಳುತ್ತ ಬೆಳೆದ ಕರ್ನಾಟಕದವರಿಗೆ ಇದರ ಹುಳುಕು ಬೇಗ ಕಣ್ಣಿಗೆ ಬೀಳುತ್ತದೆ. ಇಲ್ಲಿನ ಪ್ರವಾಸಿ ಫಲಕಗಳಲ್ಲಿ ಅಷ್ಟು ಬೇಗ ಕಾಣುವುದಿಲ್ಲ. ಗುಡ್‌ನೈಟ್‌ಗೆ ವರ್ಷಕ್ಕೆ 2,500 ಡಾಲರ್ ಸಂಬಳ, ಕರಾರು ಮುಗಿದಾಗ ಮೂರನೇ ಒಂದು ಪಾಲು. ಐದು ವರ್ಷಕ್ಕೆ ಲಾಭ ಐದು ಲಕ್ಷ ಡಾಲರ್ ದಾಟಿತು. ಉಚ್ಛ್ರಾಯದಲ್ಲಿ ಜೆಎ ರಾಂಚ್ ಸುಮಾರು 13 ಲಕ್ಷ ಎಕರೆಗೆ ಹಬ್ಬಿತ್ತು, ಒಂದು ಲಕ್ಷ ದನಗಳಿದ್ದವು. ನಮ್ಮ ಮಂಡ್ಯ ಜಿಲ್ಲೆ ಅದರೊಳಗೆ ಸಲೀಸಾಗಿ ಹಿಡಿಯುತ್ತದೆ. ಕುಡಿತ, ಜೂಜು, ಹೊಡೆದಾಟ ಮೂರಕ್ಕೂ ಅಲ್ಲಿ ಕಟ್ಟುನಿಟ್ಟಿನ ನಿಷೇಧವಿತ್ತಂತೆ. ಸಿನಿಮಾದ ಕೌಬಾಯ್‌ಗಳನ್ನು ನೋಡಿದವರಿಗೆ ನಂಬುವುದು ಕಷ್ಟ.

ಇನ್ನು ಕ್ವಾನಾನ ವಿಷಯ. 1878ರ ಚಳಿಗಾಲದಲ್ಲಿ, ಮೂಲನಿವಾಸಿಗಳನ್ನು ಇರಿಸಿದ್ದ ಮೀಸಲು ಪ್ರದೇಶದಲ್ಲಿ ಸರ್ಕಾರ ಕೊಡುತ್ತಿದ್ದ ಪಡಿತರ ಸಾಲದೆ, ಕ್ವಾನಾ ತನ್ನ ಜನರನ್ನು ಕಟ್ಟಿಕೊಂಡು ಬೈಸನ್ ಬೇಟೆಗೆಂದು ಪಾಲೊ ಡೂರೊಗೆ ಬಂದ. ಬೈಸನ್ ಇರಲಿಲ್ಲ, ತೊಗಲಿನ ವ್ಯಾಪಾರಕ್ಕೆ ಬಂದ ಬೇಟೆಗಾರರು ಬಯಲನ್ನೇ ಬರಿದು ಮಾಡಿದ್ದರು. ಹಸಿದ ಜನ ಗುಡ್‌ನೈಟ್‌ನ ದನಗಳನ್ನು ಕಡಿಯತೊಡಗಿದರು. ಈ ಕಣಿವೆ ಯಾರದು ಎಂಬ ಪ್ರಶ್ನೆ ಇಬ್ಬರ ನಡುವೆ ಎದ್ದಿತು. ತಾಯಿಯನ್ನು ಹಿಡಿಸಿದ ಪಡೆಯಲ್ಲಿದ್ದವನು ಒಂದು ಕಡೆ, ಆ ತಾಯಿಯ ಮಗ ಇನ್ನೊಂದು ಕಡೆ. ಗುಡ್‌ನೈಟ್ ಬಂದೂಕು ಎತ್ತಲಿಲ್ಲ, ಸೈನ್ಯ ಬಂದು ಓಡಿಸಲೆಂದು ಕಾಯಲೂ ಇಲ್ಲ. ಎರಡು ದಿನಕ್ಕೊಮ್ಮೆ ಎರಡು ದನ ಕೊಡುತ್ತೇನೆ, ನೀವು ನನ್ನ ಮಂದೆಯ ತಂಟೆಗೆ ಬರಬೇಡಿ ಎಂದು ಒಪ್ಪಂದ ಮಾಡಿಕೊಂಡ. ಎರಡು ಕಡೆಯವರೂ ಅದನ್ನು ಪಾಲಿಸಿದರು, ಮುಂದೆ ಸ್ನೇಹಿತರಾದರು. ಇದನ್ನು ಔದಾರ್ಯವೆಂದು ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ, ಯಾಕೆಂದರೆ ಅವರದೇ ನೆಲದಲ್ಲಿ ಮೇದ ದನವನ್ನು ಅವರಿಗೇ ಲೆಕ್ಕ ಮಾಡಿ ಕೊಟ್ಟದ್ದು ಅದು. ವ್ಯಾಪಾರಿಯ ಜಾಣತನ ಎಂದಷ್ಟೇ ಹೇಳಿ ತಳ್ಳಿಹಾಕಲೂ ಮನಸ್ಸಿಲ್ಲ, ಯಾಕೆಂದರೆ ಆ ಕಾಲದ ಟೆಕ್ಸಾಸಿನಲ್ಲಿ ಗುಂಡು ಹೊಡೆಯುವುದೇ ಸುಲಭದ ದಾರಿಯಾಗಿತ್ತು ಮತ್ತು ಅದಕ್ಕೆ ಯಾರೂ ಲೆಕ್ಕ ಕೇಳುತ್ತಿರಲಿಲ್ಲ.

ಅದೇ ವರ್ಷದ ಇನ್ನೊಂದು ಸಂಗತಿಗೆ ಕಾರಣ ಮೇರಿ. ಕಣಿವೆಯಲ್ಲಿ ಅವಳಿಗೆ ಅತ್ಯಂತ ಹತ್ತಿರದ ನೆರೆಮನೆ 75 ಮೈಲಿ ದೂರದಲ್ಲಿತ್ತು. ಆಳೊಬ್ಬ ಒಮ್ಮೆ ಗೋಣಿಚೀಲದಲ್ಲಿ ತಂದುಕೊಟ್ಟ ಮೂರು ಕೋಳಿಗಳನ್ನು ಅವಳು ಕೊಯ್ಯಲಿಲ್ಲ, ಮಾತಾಡಿಸಲು ಇಟ್ಟುಕೊಂಡಳು. ರಾತ್ರಿಯಾದರೆ, ತೊಗಲಿಗಾಗಿ ತಾಯಿಯನ್ನು ಕೊಂದ ಮೇಲೆ ಉಳಿದ ಬೈಸನ್ ಕರುಗಳು ಅರಚುವುದು ಅವಳಿಗೆ ಕೇಳಿಸುತ್ತಿತ್ತು. ಅವುಗಳನ್ನು ಹಿಡಿದು ತಂದು ಸಾಕಬೇಕೆಂದು ಗಂಡನಿಗೆ ಹೇಳಿದವಳು ಅವಳು. ಬೆಳಗಾದರೆ ಕರುಗಳನ್ನು ಗುಂಡಿಟ್ಟು ಕೊಲ್ಲುತ್ತಿದ್ದ ದಾರಿಯಲ್ಲಿ ಹಣ ಮಾಡಿದವನು ಈಗ ಹಗ್ಗ ಹಿಡಿದು ಬೈಸನ್ ಕರು ಹಿಡಿಯಲು ಹೋದ. ಇಡೀ ಖಂಡದಲ್ಲಿ ಕೋಟಿಗಳ ಲೆಕ್ಕದಲ್ಲಿದ್ದ ಪ್ರಾಣಿ ಆ ಶತಮಾನ ಮುಗಿಯುವಷ್ಟರಲ್ಲಿ ಸಾವಿರದ ಆಸುಪಾಸಿಗೆ ಇಳಿಯಿತು. ಹಾಗೆ ಉಳಿದವುಗಳಲ್ಲಿ ಮೇರಿಯ ಕರುಗಳ ಸಂತತಿಯೂ ಒಂದು. ಗುಡ್‌ನೈಟ್ ಮಂದೆ ಬೆಳೆದು ಇನ್ನೂರರ ಮೇಲೆ ಹೋಯಿತು. 1902ರಲ್ಲಿ ಯೆಲ್ಲೊಸ್ಟೋನ್ ಉದ್ಯಾನದಲ್ಲಿ ಬೈಸನ್ ಉಳಿಸಲು ಹೊಸ ಮಂದೆ ಕಟ್ಟಿದಾಗ ಮೂರು ಹೋರಿಗಳು ಹೋದದ್ದು ಇಲ್ಲಿಂದ. ನಮ್ಮಲ್ಲಿ ಎಷ್ಟೋ ಜನ ಯೆಲ್ಲೊಸ್ಟೋನ್‌ಗೆ ಹೋಗಿ ಬೈಸನ್ ಫೋಟೊ ತೆಗೆದು ಕುಟುಂಬದ ಗುಂಪಿಗೆ ಕಳಿಸುತ್ತೇವೆ. ಅದರ ನೆತ್ತರಲ್ಲಿ ನಾವು "ಏನೂ ಇಲ್ಲ" ಎಂದು ದಾಟಿದ ಊರಿನ ಪಾಲೂ ಇರಬಹುದು.

1880ರ ದಶಕದ ಕೊನೆಗೆ ಅವನು ಜೆಎ ರಾಂಚ್‌ನಿಂದ ಹೊರಬಂದು ಈಗಿನ ಗುಡ್‌ನೈಟ್ ಊರಿನ ಬಳಿ ಮನೆ ಕಟ್ಟಿಕೊಂಡ. ರೈತನಾದದ್ದು ನಿಜವಾಗಿ ಆಮೇಲೆ. ಆ ಆರ್ಮ್‌ಸ್ಟ್ರಾಂಗ್ ಕೌಂಟಿಯಲ್ಲಿ ಮೊದಲ ಗೋಧಿ ಬೆಳೆದವನು ಇವನೇ. ಸಸ್ಯತಳಿಗಳ ಪ್ರಯೋಗಕ್ಕೆ ಹೆಸರಾದ ಲೂಥರ್ ಬರ್ಬ್ಯಾಂಕ್‌ನ ಪ್ರೋತ್ಸಾಹದಿಂದ ಇನ್ನೂ ಏನೇನೋ ಬೆಳೆ ಹಚ್ಚಿ ನೋಡಿದ. ಬೈಸನ್ ಮತ್ತು ದನಗಳ ಮಿಶ್ರತಳಿ ಮಾಡಲು ವರ್ಷಗಟ್ಟಲೆ ಒದ್ದಾಡಿದ. ಅದು ಹೇಳಿಕೊಳ್ಳುವಷ್ಟು ಕೈಗೂಡಲಿಲ್ಲ. ಆರೇ ತಿಂಗಳು ಶಾಲೆಗೆ ಹೋದವನು 1898ರಲ್ಲಿ ಊರಿನಲ್ಲಿ ಒಂದು ಕಾಲೇಜು ತೆರೆಸಿದ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿಯುವುದಕ್ಕೆ ಕ್ಷಮೆಯಿರಲಿ, ವಿಷಯ ನಮ್ಮದು. 1881ರಲ್ಲಿ ಗುಡ್‌ನೈಟ್ ಮತ್ತು ನೆರೆಯ ರಾಂಚ್‌ನವರು ದಕ್ಷಿಣ ಟೆಕ್ಸಾಸಿನ ದನಗಳು ಉತ್ತರಕ್ಕೆ ಬಾರದಂತೆ ಬಂದೂಕು ಹಿಡಿದ ಕಾವಲು ಹಾಕಿದ್ದರು; ಅವುಗಳ ಜೊತೆ ಒಂದು ಜ್ವರ ಬಂದು ಉತ್ತರದ ದನಗಳನ್ನು ಕೊಲ್ಲುತ್ತಿತ್ತು. ಅದು ದನದ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣಿಯಿಂದ ಹರಡುವ ಜ್ವರವೆಂದು ವಿಜ್ಞಾನಿಗಳು ಗೊತ್ತುಮಾಡಿದ್ದು ಆಮೇಲೆ. ಕೊನೆಗೆ ದಕ್ಷಿಣದ ರೈತರು ಉಣ್ಣಿಗೂ ಬಿಸಿಲಿಗೂ ಜಗ್ಗದ ದನಗಳನ್ನು ಹುಡುಕುತ್ತ ಭಾರತಕ್ಕೆ ಹೋದರು. ಹಾಗೆ ಹುಟ್ಟಿದ ಅಮೆರಿಕನ್ ಬ್ರಾಹ್ಮನ್ ತಳಿಯಲ್ಲಿ ಗುಜರಾತಿನ ಗಿರ್ ಮತ್ತು ಕಾಂಕ್ರೇಜ್, ಆಂಧ್ರದ ಓಂಗೋಲ್ ಜೊತೆಗೆ ನಮ್ಮ ಕೃಷ್ಣಾತೀರದ ತಳಿಯ ಅಂಶವೂ ಇದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯವರು ಹ್ಯೂಸ್ಟನ್‌ನ ಜಾತ್ರೆಯಂಥ ರೋಡಿಯೋಗೆ ಹೋದಾಗ, ಆ ಇಣಿ ಎತ್ತರದ ಹೋರಿಗಳನ್ನು ನೋಡಿ ಊರಿನ ನೆನಪಾಯಿತೆಂದರೆ ಅದು ಬರೀ ಭ್ರಮೆಯಲ್ಲ.

ಮುಪ್ಪಿನಲ್ಲಿ ಗುಡ್‌ನೈಟ್ ಶ್ರೀಮಂತನಾಗಿ ಉಳಿಯಲಿಲ್ಲ. ಮೆಕ್ಸಿಕೋದ ಗಣಿಗಳಲ್ಲಿ ಹಾಕಿದ ಹಣ ಮುಳುಗಿತು. 1919ರಲ್ಲಿ ರಾಂಚನ್ನು ಒಬ್ಬ ತೈಲ ಉದ್ಯಮಿಗೆ ಮಾರಿದ. ತಾನೂ ಹೆಂಡತಿಯೂ ಸಾಯುವ ತನಕ ಆ ಮನೆಯಲ್ಲೇ ಇರಬಹುದು ಎಂಬ ಒಂದು ಷರತ್ತಿನ ಮೇಲೆ. ಒಂದು ಕಾಲಕ್ಕೆ ಒಂದು ಜಿಲ್ಲೆಯಷ್ಟು ನೆಲ ಆಳಿದವನು ತಾನು ಕಟ್ಟಿದ ಮನೆಯಲ್ಲಿ ಇನ್ನೊಬ್ಬರ ಒಪ್ಪಿಗೆಯಿಂದ ವಾಸವಾದ. ಅದಕ್ಕೂ ಮೊದಲು, 1916ರಲ್ಲಿ, ಮೀಸಲು ಪ್ರದೇಶದಿಂದ ಕಯೋವಾ ಜನರನ್ನು ಕರೆಸಿ, ತನ್ನ ಮಂದೆಯ ಬೈಸನ್ ಒಂದನ್ನು ಅವರು ಹಳೆಯ ಪದ್ಧತಿಯಲ್ಲಿ ಬೇಟೆಯಾಡಲು ಬಿಟ್ಟು, ಅದನ್ನು ಚಲನಚಿತ್ರವಾಗಿ ತೆಗೆಸಿದ. ಅದರಲ್ಲಿ ಗೌರವವೆಷ್ಟು, ಪ್ರದರ್ಶನವೆಷ್ಟು ಎಂದು ಅಳೆಯಲು ನನ್ನಿಂದಾಗದು. ತಮ್ಮ ಯೌವನದಲ್ಲಿ ಇಂಥ ಬೇಟೆಗೆ ಹೋಗಿದ್ದ ಮುದುಕರು ಕಯೋವಾ ಜನರಲ್ಲಿ ಆಗ ಇನ್ನೂ ಬದುಕಿದ್ದರು.

ಮೇರಿ 1926ರ ಏಪ್ರಿಲ್‌ನಲ್ಲಿ ತೀರಿಕೊಂಡಳು. ಮಕ್ಕಳಿರಲಿಲ್ಲ. ತನ್ನ ಇಡೀ ಬದುಕನ್ನು ಇತರರ ಸೇವೆಯಲ್ಲಿ ಕಳೆದವಳು ಎಂದು ಅವಳ ಗೋರಿಯ ಕಲ್ಲು ಹೇಳುತ್ತದೆ. ಬೈಸನ್ ಉಳಿಸಿದವಳು ಎಂದು ಬರೆದಿದ್ದರೆ ಇನ್ನೂ ಖಚಿತವಾಗುತ್ತಿತ್ತು. ಒಂಟಿಯಾದ ಮುದುಕ ಹಾಸಿಗೆ ಹಿಡಿದ. ಕೊರಿನ್ ಗುಡ್‌ನೈಟ್ ಎಂಬ ಇಪ್ಪತ್ತಾರು ವರ್ಷದ ಯುವತಿ, ಸಂಬಂಧಿಯಲ್ಲ, ಒಂದೇ ಹೆಸರೆಂಬ ಕುತೂಹಲಕ್ಕೆ ಅವನೊಡನೆ ಪತ್ರವ್ಯವಹಾರ ಇಟ್ಟುಕೊಂಡಿದ್ದವಳು, ಬಂದು ಶುಶ್ರೂಷೆ ಮಾಡಿ ಎಬ್ಬಿಸಿದಳು. 1927ರ ಮಾರ್ಚ್ 5ರಂದು, ಅವನಿಗೆ 91 ತುಂಬಿದ ದಿನ, ಇಬ್ಬರೂ ಮದುವೆಯಾದರು. ಊರು ಏನು ಮಾತಾಡಿಕೊಂಡಿರಬಹುದೆಂದು ಊಹಿಸಲು ಹಳ್ಳಿಯಲ್ಲಿ ಬೆಳೆದವರಿಗೆ ಕಷ್ಟವಿಲ್ಲ. ಎದೆಯ ತೊಂದರೆಗೆ ಒಣಹವೆ ಒಳ್ಳೆಯದೆಂದು ಚಳಿಗಾಲದಲ್ಲಿ ಅರಿಜೋನಾಗೆ ಹೋಗುತ್ತಿದ್ದ. ಅಲ್ಲೇ 1929ರ ಡಿಸೆಂಬರ್ 12ರಂದು ಕಣ್ಣುಮುಚ್ಚಿದ. ದೇಹವನ್ನು ಗುಡ್‌ನೈಟ್‌ಗೆ ತಂದು ಮೇರಿಯ ಪಕ್ಕದಲ್ಲಿ ಮಣ್ಣುಮಾಡಿದರು. ಆ ಗೋರಿಯ ಬೇಲಿಗೆ ಬಂದವರು ತಮ್ಮ ಕೊರಳಿನ ಕರವಸ್ತ್ರ ಕಟ್ಟಿ ಹೋಗುವುದು ಈಗ ಒಂದು ರೂಢಿ. ನಮ್ಮ ಕಡೆ ಹರಕೆಯ ಬಟ್ಟೆ ಕಟ್ಟುವ ಮರಗಳನ್ನು ನೋಡಿದವರಿಗೆ ಅದು ಹೊಸದೆನಿಸುವುದಿಲ್ಲ.

ಯಜಮಾನ ಸತ್ತ ಮೇಲೆ ಮಂದೆಗೆ ದಿಕ್ಕಿರಲಿಲ್ಲ. ಉಳಿದ ಬೈಸನ್‌ಗಳು ಜೆಎ ರಾಂಚ್‌ನ ಕಣಿವೆಗಳಲ್ಲಿ ದಶಕಗಳ ಕಾಲ ಹೆಚ್ಚುಕಡಿಮೆ ಕಾಡುಪ್ರಾಣಿಗಳಾಗಿ ಅಲೆದವು. 1997ರಲ್ಲಿ ರಾಂಚ್ ಅವುಗಳನ್ನು ರಾಜ್ಯಕ್ಕೆ ಕೊಟ್ಟಾಗ ಸಂಖ್ಯೆ ಮೂವತ್ತು ಚಿಲ್ಲರೆ. ರಾಜ್ಯದ ಉದ್ಯಾನ ಮತ್ತು ವನ್ಯಜೀವಿ ಇಲಾಖೆ ಅವುಗಳನ್ನು ಕ್ವಿಟಕ್ವೇ ಊರಿನ ಬಳಿಯ ಕಾಪ್ರಾಕ್ ಕಣಿವೆಗಳ ಉದ್ಯಾನಕ್ಕೆ ತಂದಿತು. ಒಂದೇ ಸಣ್ಣ ಮಂದೆಯೊಳಗೆ ತಲೆಮಾರುಗಳಿಂದ ಕೂಡಿಕೆಯಾಗಿ ಅವು ಸೊರಗಿದ್ದವು, ಕರುಗಳು ಉಳಿಯುತ್ತಿರಲಿಲ್ಲ. ವಂಶವಾಹಿ ಪರೀಕ್ಷೆಗಳ ನಂತರ, 2003ರಲ್ಲಿ, ಸಿಎನ್ಎನ್ ಸುದ್ದಿವಾಹಿನಿ ಸ್ಥಾಪಿಸಿದ ಟೆಡ್ ಟರ್ನರ್ ಅವರ ನ್ಯೂ ಮೆಕ್ಸಿಕೋ ರಾಂಚ್‌ನಿಂದ ಮೂರು ಹೋರಿಗಳನ್ನು ತಂದು ಸೇರಿಸಿದರು, ಮಂದೆ ಚೇತರಿಸಿಕೊಂಡಿತು. ದಕ್ಷಿಣದ ಬಯಲಿನಲ್ಲಿ ಒಂದು ಕಾಲಕ್ಕೆ ಕಪ್ಪು ಮೋಡದಂತೆ ಹರಡಿದ್ದ ಬೈಸನ್‌ಗಳ ನೇರ ಸಂತತಿಯನ್ನು ಕಣ್ಣಾರೆ ನೋಡಬೇಕೆಂದರೆ ಹೋಗಬೇಕಾದ ಜಾಗ ಅದು.

ನಾನು ಇಷ್ಟನ್ನೂ ಬರೆದದ್ದು ಗುಡ್‌ನೈಟ್‌ನ ಜಯಂತಿ ಆಚರಿಸಿ ಎನ್ನುವುದಕ್ಕಲ್ಲ. ಈ ರಾಜ್ಯದಲ್ಲಿ ಅವನಿಗೆ ಸಾಕಷ್ಟು ಜಯಕಾರ ಆಗಿದೆ. ಇತ್ತೀಚೆಗೆ ಇದಕ್ಕೆ ವಿರುದ್ಧವಾಗಿ, ಇಂಥವರೆಲ್ಲ ನೆಲಗಳ್ಳರು, ಇವರ ಮಾತೇ ಬೇಡ ಎನ್ನುವವರನ್ನೂ ಕೇಳಿದ್ದೇನೆ, ನಮ್ಮವರಲ್ಲೂ. ಎರಡೂ ಸೋಮಾರಿತನ. ಒಬ್ಬ ಮನುಷ್ಯ ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ತಾಯಿಯನ್ನು ಮಕ್ಕಳಿಂದ ಬೇರ್ಪಡಿಸಿದ ದಾಳಿಗೆ ದಾರಿ ತೋರಿ, ನಲವತ್ತೆರಡನೇ ವಯಸ್ಸಿನಲ್ಲಿ ಅವಳ ಮಗನಿಗೆ ದನ ಕೊಟ್ಟು ಒಪ್ಪಂದಕ್ಕೆ ಬಂದ. ಬೈಸನ್ ಅಟ್ಟಿ ರಾಂಚ್ ಕಟ್ಟಿ, ಹೆಂಡತಿಯ ಮಾತಿಗೆ ಅದೇ ಬೈಸನ್ ಸಾಕಿದ. ಇದರಲ್ಲಿ ಯಾವುದನ್ನು ಅಳಿಸಿದರೂ ಕಥೆ ಸುಳ್ಳಾಗುತ್ತದೆ. ನಾವೂ ಈ ನೆಲಕ್ಕೆ ಆಮೇಲೆ ಬಂದವರು. ಬಿಲ್ಡರುಗಳು ಹೊಸದಾಗಿ ಹಾಕಿದ ಬಡಾವಣೆಗಳಲ್ಲಿ ಮನೆ ಕೊಂಡು, ಮೊದಲು ಇಲ್ಲೇನೂ ಇರಲಿಲ್ಲ, ಬರೀ ಹುಲ್ಲುಗಾವಲು ಎಂದು ಬಂದ ನೆಂಟರಿಗೆ ಹೇಳುವವರು. ಅವನ ಲೆಕ್ಕ ನೋಡುವಾಗ ನಮ್ಮದನ್ನೂ ಒಂದು ಕಣ್ಣಲ್ಲಿ ನೋಡಿಕೊಳ್ಳುವುದು ನ್ಯಾಯ.

ಆದ್ದರಿಂದ ನನ್ನ ಕೋರಿಕೆಗಳು ಇವು. ಮುಂದಿನ ಸಲ ಆ ಹೆದ್ದಾರಿಯಲ್ಲಿ ಹೋಗುವಾಗ ಗುಡ್‌ನೈಟ್‌ನ ಮನೆಯ ಮುಂದೆ ನಿಲ್ಲಿಸಿ. ದುರಸ್ತಿಮಾಡಿ ನೋಡುವವರಿಗೆ ತೆರೆದಿಟ್ಟಿದ್ದಾರೆ. ದೂರವಾದರೂ ಕಾಪ್ರಾಕ್ ಉದ್ಯಾನಕ್ಕೆ ಒಮ್ಮೆ ಮಕ್ಕಳನ್ನು ಕರೆದೊಯ್ಯಿರಿ. ಬೈಸನ್‌ಗಳು ಅಲ್ಲಿ ರಸ್ತೆಗೂ ಬಿಡಾರಕ್ಕೂ ಬರುತ್ತವೆ, ಫೋಟೊ ಆಸೆಗೆ ಹತ್ತಿರ ಹೋಗಬೇಡಿ. ಪಾಲೊ ಡೂರೊದಲ್ಲಿ ಚಿತ್ರ ತೆಗೆದುಕೊಳ್ಳುವ ಮೊದಲು 1874ರ ಆ ಮುಂಜಾನೆಯ ಮಾತನ್ನು ಮಕ್ಕಳ ಕಿವಿಗೆ ಹಾಕಿ. ಮೇರಿ, ಐಕಾರ್ಡ್, ಕ್ವಾನಾ, ಸಿಂಥಿಯಾ ಈ ನಾಲ್ವರ ಹೆಸರಿಲ್ಲದೆ ಗುಡ್‌ನೈಟ್ ಹೆಸರನ್ನು ಹೇಳಬೇಡಿ.

ಕನ್ನಡ ಸಂಘಗಳಲ್ಲಿ ನನ್ನ ವಿನಂತಿ ಇನ್ನೊಂದು. ಪ್ರತಿ ವರ್ಷ ರಾಜ್ಯೋತ್ಸವಕ್ಕೆ ನಾವು ತರುವ ಸ್ಮರಣ ಸಂಚಿಕೆಗಳಲ್ಲಿ ಹೊಯ್ಸಳರು, ವಿಜಯನಗರ, ಕಿತ್ತೂರು ಎಲ್ಲ ಬರುತ್ತವೆ, ಬರಬೇಕು. ಅವುಗಳ ಜೊತೆಗೆ ಈ ನೆಲದ ಕಥೆಗೂ ನಾಲ್ಕು ಪುಟ ಕೊಡಿ, ಅದನ್ನು ಇಲ್ಲೇ ಹುಟ್ಟಿ ಬೆಳೆದ ನಮ್ಮ ಹೈಸ್ಕೂಲು ಮಕ್ಕಳಿಂದ ಕನ್ನಡದಲ್ಲೇ ಬರೆಸಿ. ಭಾನುವಾರದ ಕನ್ನಡ ಕಲಿ ತರಗತಿಗಳಲ್ಲಿ ಓದಿನ ಪಾಠಕ್ಕೆ ಹುಡುಕಾಡುವ ಶಿಕ್ಷಕರಿಗೆ, ಮಕ್ಕಳು ಶಾಲೆಯಲ್ಲಿ ಅರ್ಧ ಕೇಳಿಬಂದ ಈ ಕಥೆಯ ಉಳಿದರ್ಧ ಒಳ್ಳೆಯ ಪಾಠವಾದೀತು. ಯಾವ ಸಂಘವಾದರೂ ಮುಂದೆ ಬಂದರೆ ಬರೆಯಲು, ತಿದ್ದಲು, ನಕ್ಷೆ ಹಾಕಿಕೊಡಲು ನಾನು ಸಿದ್ಧನಿದ್ದೇನೆ.

ಇತಿ,
ಟೆಕ್ಸಾಸಿನಲ್ಲಿ ನೆಲೆಸಿರುವ ಒಬ್ಬ ರೈತನ ಮಗ